ಯಾರ ಕೈ?

ನನ್ನ ತಾಯಿಯ ಅಕ್ಕನಿಗೆ ಲಕ್ವ ಹೊಡೆದಾಗ ನನಗೆ ಹನ್ನೆರಡು ವರ್ಷ. ದೊಡ್ಡಮ್ಮನ ಎಡಗೈ, ಎಡಗಾಲು ಬಿದ್ದುಹೋದವು. ಮಾತು ಮಾತ್ರ ಮೊದಲಿನಂತೆಯೇ ಇತ್ತು. ಮೂರನೆಯ ದಿನ ನನ್ನನ್ನು ಕರೆದು ತನ್ನ ಎಡಗೈಯನ್ನೇ ತೋರಿಸಿ, "ಇದನ್ನ ಯಾರು ಇಲ್ಲಿ ಬಿಟ್ಟು ಹೋದ್ರೋ, ಆಚೆ ತೆಗಿಯೋ" ಅಂದಳು. ನನಗೆ ಅದೊಂದು ಆಟವಾಯಿತು. ಬೀದಿಯ ಹುಡುಗರನ್ನು ಕರೆತಂದು, ಆ ಕೈ ಎತ್ತಿ ಹಿಡಿದು, "ದೊಡ್ಡಮ್ಮ, ಇದು ಯಾರ ಕೈ?" ಎಂದು ಕೇಳುತ್ತಿದ್ದೆ. "ನಮ್ಮಮ್ಮಂದು ಕಣೋ" ಎನ್ನುತ್ತಿದ್ದಳು. ಅವಳಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನಾವು ನಗುತ್ತಿದ್ದೆವು. ದೊಡ್ಡವರು ಬುದ್ಧಿ ಕೆಟ್ಟಿದೆ ಎಂದರು. ಗಾಳಿ ಸೋಕಿದೆ ಎಂದು ತಾಯತವನ್ನೂ ಕಟ್ಟಿಸಿದರು.

ಇದಕ್ಕೊಂದು ಚರಿತ್ರೆಯಿದೆ ಎಂದು ನನಗೆ ತಿಳಿದದ್ದು ತೀರ ತಡವಾಗಿ. 1914ರಲ್ಲಿ ಪ್ಯಾರಿಸ್ಸಿನ ನರವೈದ್ಯ ಜೋಸೆಫ್ ಬಾಬಿನ್ಸ್ಕಿ, ಎಡಭಾಗ ಬಿದ್ದುಹೋಗಿದ್ದರೂ ಅದರ ಅರಿವೇ ಇಲ್ಲದ ರೋಗಿಗಳನ್ನು ವರ್ಣಿಸಿ ಆ ಸ್ಥಿತಿಗೆ 'ಅನೋಸೊಗ್ನೋಸಿಯಾ' ಎಂದು ಹೆಸರಿಟ್ಟರು. ಅಂಗವೇ ತನ್ನದಲ್ಲ, ಬೇರೆಯವರದು ಎನ್ನುವ ಸ್ಥಿತಿಗೆ 'ಸೊಮ್ಯಾಟೊಪ್ಯಾರಾಫ್ರೀನಿಯಾ' ಎಂಬ ಹೆಸರು ಕೊಟ್ಟವರು, ವಿಯೆನ್ನಾ ಬಿಟ್ಟು ಅಮೆರಿಕ ಸೇರಿದ್ದ ಜೋಸೆಫ್ ಗೆರ್ಸ್ಟ್‌ಮನ್, ಅದು 1942ರಲ್ಲಿ. ಹೆಚ್ಚಾಗಿ ಮೆದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಇದು ಕಾಣುತ್ತದೆ. ಪರಕೀಯವಾಗುವುದು ಎಡಗೈ, ಎಡಗಾಲು. ಕಣ್ಣು ಕಂಡದ್ದು, ಚರ್ಮ ಮುಟ್ಟಿದ್ದು, ಕೈ ಎಲ್ಲಿದೆ ಎಂದು ಕೀಲುಗಳು ಹೇಳಿದ್ದು, ಇವನ್ನೆಲ್ಲ ಮೆದುಳು ಕೂಡಿಸಿದರೆ ಮಾತ್ರ 'ಇದು ನನ್ನದು' ಎಂಬ ಭಾವ. ಅದು ಹುಟ್ಟಿನಿಂದ ಬಂದ ಹಕ್ಕುಪತ್ರವಲ್ಲ, ಗಳಿಗೆ ಗಳಿಗೆಗೂ ನಡೆಯುವ ಕೆಲಸ.

ಇಟಲಿಯ ಎಡೊವಾರ್ಡೊ ಬಿಸಿಯಾಕ್ ಮತ್ತು ಸಂಗಡಿಗರು 1991ರಲ್ಲಿ ಒಬ್ಬ ವೃದ್ಧೆಯ ವಿಷಯ ಬರೆದರು. ಆಕೆಯೂ ಎಡಗೈ ತನ್ನ ತಾಯಿಯದೆನ್ನುತ್ತಿದ್ದಳು. ವೈದ್ಯರು ಆಕೆಯ ಎಡಗಿವಿಗೆ ತಣ್ಣೀರು ಬಿಟ್ಟರು. ಒಳಗಿವಿಯ ಸಮತೋಲದ ಅಂಗ ಕೆರಳಿ ಮೆದುಳಿಗೆ ಸುದ್ದಿ ಮುಟ್ಟಿತು. ಕೈ ಯಾರದೆಂದು ಕೇಳಿದರೆ 'ನನ್ನದು' ಎಂದಳು. ಸ್ವಲ್ಪ ಹೊತ್ತು ಕಳೆದ ಮೇಲೆ ಅದು ಮತ್ತೆ ತಾಯಿಯ ಕೈಯೇ. ಬೈಗುಳಕ್ಕೂ ತಾಯತಕ್ಕೂ ಬಗ್ಗದ್ದು ಒಂದಿಷ್ಟು ನೀರಿಗೆ ಬಗ್ಗಿತ್ತು, ಅದೂ ಗಳಿಗೆಯ ಮಟ್ಟಿಗೆ.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತಿದ್ದೆ. ದೊಡ್ಡಮ್ಮ ಸುಳ್ಳು ಹೇಳಲಿಲ್ಲ, ಹುಚ್ಚಳೂ ಆಗಿರಲಿಲ್ಲ. ತನಗೆ ಕಂಡದ್ದನ್ನು ಹೇಳಿದಳು. ಆ ವೈದ್ಯರು ಕೇಳಿದ್ದೂ ನಾನು ಕೇಳಿದ್ದೂ ಒಂದೇ ಪ್ರಶ್ನೆ. ಅವರು ಉತ್ತರವನ್ನು ಕೇಳಿಸಿಕೊಂಡರು. ನಾನು ಹುಡುಗರ ಕಡೆ ತಿರುಗಿ ನಕ್ಕೆ.