ಮ್ಯಾಗ್ನೆಟ್ ಅಂಟಿದರೆ ಹಳೆಯ ಸೇನಾ ಲಾಂಛನ ನಕಲಿಯೇ?

ಕೈಸರ್ ಕಾಲದ ಜರ್ಮನ್ ಹೆಲ್ಮೆಟ್ಟಿನ ಲಾಂಛನಕ್ಕೆ ಮ್ಯಾಗ್ನೆಟ್ ಅಂಟಿದರೆ ಅದು ನಕಲಿ ಎಂಬ ಮಾತು ನಂಬಿದರೆ ಅಸಲಿ ವಸ್ತುವೇ ಕೈತಪ್ಪೀತು.

ಪ್ರಶ್ಯಾ 1842ರಲ್ಲಿ ಪಿಕೆಲ್‌ಹೌಬೆ ಎಂಬ ಮೊನೆಯುಳ್ಳ ಹೆಲ್ಮೆಟ್ ಜಾರಿಗೆ ತಂದಿತು. ಅದರ ಮುಂಭಾಗದಲ್ಲಿ ಪ್ರಶ್ಯದವರಿಗೆ ಹದ್ದು. ಬವೇರಿಯದವರ ಹೆಲ್ಮೆಟ್ಟಿನಲ್ಲಿ ಸಿಂಹಗಳು. ಯುದ್ಧಕ್ಕೆ ಮೊದಲು ಪದಾತಿ ಸೈನಿಕರ ಲಾಂಛನ ಹೆಚ್ಚಾಗಿ ಹಿತ್ತಾಳೆಯದು. ಅದಕ್ಕೆ ಮ್ಯಾಗ್ನೆಟ್ ಅಂಟದು, ನಿಜ. ಆದರೆ ಮೊದಲ ಮಹಾಯುದ್ಧ ಶುರುವಾದ ಮೇಲೆ ತಾಮ್ರ, ಹಿತ್ತಾಳೆ ಎಲ್ಲ ಮದ್ದುಗುಂಡಿಗೇ ಬೇಕಾಯಿತು. ಬ್ರಿಟನ್ನಿನ ನೌಕಾ ದಿಗ್ಬಂಧನದಿಂದ ಹೊರಗಿನ ಸರಕೂ ಕಡಿಮೆಯಾಯಿತು. ಹಾಗಾಗಿ 1915ರ ಮಾದರಿಯಲ್ಲಿ ಲಾಂಛನವೂ ಮೊನೆಯೂ ಬೂದುಬಣ್ಣದ ಉಕ್ಕಿನವಾದವು. ಇವಕ್ಕೆ ಮ್ಯಾಗ್ನೆಟ್ ಅಂಟಲೇಬೇಕು!

ಇತ್ತ, ಮೊನ್ನೆ ಮೊನ್ನೆ ಹಿತ್ತಾಳೆಯಲ್ಲಿ ಮಾಡಿದ ನಕಲಿ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸು. ಅದಕ್ಕಿಂತ ಹಿಂಬದಿ ತಿರುಗಿಸಿ ನೋಡುವುದು ಮೇಲು. ಅಸಲಿಯನ್ನು ತೆಳು ತಗಡಿಗೆ ಅಚ್ಚೊತ್ತಿ ಮಾಡಿರುತ್ತಾರೆ, ಮುಂದಿನ ಉಬ್ಬುಚಿತ್ರ ಹಿಂದೆ ತಗ್ಗಾಗಿ ಕಾಣುತ್ತದೆ. ಎರಕ ಹೊಯ್ದ ನಕಲಿ ದಪ್ಪಗಿದ್ದು, ಗರಿಗಳ ಗೆರೆ ಮಬ್ಬಾಗಿರುತ್ತದೆ. ಅಚ್ಚೊತ್ತಿದ ನಕಲಿಗಳೂ ಇವೆ. ಹೆಲ್ಮೆಟ್ಟೂ ಜೊತೆಗಿದ್ದರೆ ಚರ್ಮದ ತೂತು ಲಾಂಛನದ ಕೊಂಡಿಗೆ ಹೊಂದುತ್ತದೆಯೇ ನೋಡಿ.

ಕೊಂಡ ಮೇಲೆ ಹೊಳಪಿಗಾಗಿ ಹುಣಸೆಹಣ್ಣು ಮಾತ್ರ ತಿಕ್ಕಬೇಡಿ. ಅದರ ಆಮ್ಲ ನೂರು ವರ್ಷದ ಮೇಲ್ಪದರವನ್ನೇ ತೆಗೆದುಬಿಡುತ್ತದೆ. ಸಂಗ್ರಾಹಕರು ಬೆಲೆ ಕೊಡುವುದು ಆ ಪದರಕ್ಕೂ ಸೇರಿಸಿ.