ಹಗುರ ಹಾಡು, ಭಾರದ ತಟ್ಟೆ

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ರೈಲು ಹಳಿಯ ಮಗ್ಗುಲಲ್ಲಿ ಬೆಳೆದ ಊರುಗಳು. ಬೆಂಗಳೂರಿನಿಂದ ಹರಿಹರದವರೆಗಿನ ರೈಲುಮಾರ್ಗ 1889ರಲ್ಲಿ ಪೂರ್ಣಗೊಂಡಾಗ ಕಡೂರು, ಬೀರೂರು, ಅಜ್ಜಂಪುರಗಳು ದೊಡ್ಡ ಊರುಗಳ ಜೊತೆ ಕೂಡಿಕೊಂಡವು. ಹತ್ತು ವರ್ಷಗಳ ನಂತರ, 1899ರಲ್ಲಿ, ಬೀರೂರಿನಿಂದ ಶಿವಮೊಗ್ಗಕ್ಕೆ ಕವಲು ಹೊರಟಿತು. ತರೀಕೆರೆ ಆ ಕವಲಿನ ಮೇಲಿದೆ. ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಅಲ್ಲಿಯವರೆಗೆ ಕಾಫಿ ಸೀಮೆಯ ಬಹಳಷ್ಟು ಜನರಿಗೆ ಕಡೂರೇ ರೈಲು ನಿಲ್ದಾಣ. ನಾಟಕ ಕಂಪನಿಗಳು ಪರದೆ, ಪೆಟ್ಟಿಗೆಗಳ ಸಮೇತ ಊರಿಂದೂರಿಗೆ ಸಾಗಿದ ಆ ರೈಲಿನ ಕಾಲದಲ್ಲೇ ಇನ್ನೊಂದು ಹೊಸ ಸರಕೂ ನಮ್ಮ ಊರುಗಳಿಗೆ ಕಾಲಿಟ್ಟಿತು. ಅದೇ ಗ್ರಾಮಫೋನ್ ತಟ್ಟೆ. ಜನರ ಬಾಯಲ್ಲಿ 'ಪ್ಲೇಟು'.

ಇಂದು ಹಳೆಯ ಮನೆಯೊಂದರ ಅಟ್ಟ ಇಳಿಸಿದಾಗ ಕಬ್ಬಿಣದ ಟ್ರಂಕಿನಲ್ಲಿ ಇಂಥ ತಟ್ಟೆಗಳು ಸಿಕ್ಕರೆ ಅವುಗಳ ಗತಿ ಏನು? ದೊಡ್ಡ ವಿದ್ವಾಂಸರ ಹೆಸರಿದ್ದರೆ ಯಾರಾದರೂ ತೆಗೆದಿಡುತ್ತಾರೆ. ಭಾವಗೀತೆ, ನಾಟಕದ ಹಾಸ್ಯಪದ, ಸಿನಿಮಾದ ಕ್ಲಬ್ ಹಾಡು, ಗಿಟಾರಿನಲ್ಲಿ ನುಡಿಸಿದ ಚಿತ್ರಗೀತೆ ಇವೆಲ್ಲ ಗುಜರಿಯವನ ತಕ್ಕಡಿಗೆ ಹೋಗುವುದೇ ಹೆಚ್ಚು. 'ಲಘು' ಎಂಬ ಹೆಸರೇ ಇವುಗಳಿಗೆ ಮುಳುವಾಯಿತು. ಜನ ಅತಿ ಹೆಚ್ಚು ಕೇಳಿದ ಸಂಗೀತವೇ ಅತಿ ಕಡಿಮೆ ಉಳಿಯುವುದು ವಿಚಿತ್ರವಾದರೂ ನಿಜ. ಅದರಲ್ಲಿ ಅಷ್ಟಿಷ್ಟಾದರೂ ಉಳಿದಿದ್ದರೆ ಅದಕ್ಕೆ ಮುಖ್ಯ ಕಾರಣ, ಹಳೆಯ ತಟ್ಟೆಗಳನ್ನು ಹುಡುಕಿ ಕೂಡಿಡುವ ಹವ್ಯಾಸಿಗಳು.

ಮೂರು ನಿಮಿಷದ ಲೆಕ್ಕ

ಭಾರತದಲ್ಲಿ ತಟ್ಟೆಯ ಕಥೆ ಆರಂಭವಾಗುವುದು 1902ರ ನವೆಂಬರಿನಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡು ಮುಗಿದೊಡನೆ ಗಾಯಕಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ದೂರದ ಕಾರ್ಖಾನೆಯವರಿಗೆ ಯಾರ ಹಾಡೆಂದು ತಿಳಿಯಲಿ ಎಂಬುದು ಇದರ ಉದ್ದೇಶ ಎನ್ನುತ್ತಾರೆ. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ, 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ಅವರು ತೀರಿಕೊಂಡದ್ದೂ ಮೈಸೂರಿನಲ್ಲೇ.

ಆ ಕಾಲದ ತಟ್ಟೆಯ ಮುಖ್ಯ ವಸ್ತು ಅರಗು. ಅದಕ್ಕೆ ಕಲ್ಲಿನ ಪುಡಿ, ಮಸಿ, ಹತ್ತಿಯ ನಾರು ಬೆರೆಸಿ ಬಿಸಿ ಅಚ್ಚಿನಲ್ಲಿ ಒತ್ತುತ್ತಿದ್ದರು. ಈ ಅರಗಿನ ದೊಡ್ಡ ಪಾಲು ಜಗತ್ತಿಗೆ ಹೋಗುತ್ತಿದ್ದುದು ಭಾರತದ ಕಾಡುಗಳಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅರಗಿನ ಪೂರೈಕೆಗೆ ತೊಂದರೆಯಾಗಿ, 1942ರಲ್ಲಿ ಅಮೆರಿಕ ಸರ್ಕಾರ ತಟ್ಟೆ ತಯಾರಿಕೆಗೆ ಬಳಸುವ ಅರಗಿನ ಮೇಲೆ ಕಡಿವಾಣ ಹಾಕಿತು. ಅಲ್ಲಿ ಹಳೆಯ ತಟ್ಟೆಗಳನ್ನೇ ಕರಗಿಸಿ ಹೊಸದನ್ನು ಮಾಡಿದ್ದೂ ಉಂಟು. ಒಂದು ಹಾಡನ್ನು ಉಳಿಸಲು ಇನ್ನೊಂದು ಹಾಡು ಕರಗಬೇಕಾದ ಕಾಲ ಅದು.

ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ರಾಗ ವಿಸ್ತಾರ ಮಾಡುವ ಸಂಗೀತಗಾರರಿಗೆ ಇದು ಬಿಗಿಯಾದ ಅಂಗಿ. ಪಲ್ಲವಿ ಮತ್ತು ಎರಡು ಮೂರು ಚರಣಗಳ ಹಾಡಿಗೆ ಮಾತ್ರ ಅಳತೆ ತೆಗೆದು ಹೊಲಿದಂತಿತ್ತು. 1925ಕ್ಕೆ ಮೊದಲು ದೊಡ್ಡ ಕೊಳವೆಯ ಮುಂದೆ ನಿಂತು ಗಟ್ಟಿಯಾಗಿ ಹಾಡಬೇಕಿತ್ತು. ಆ ವರ್ಷ ಮೈಕ್ ಬಳಸುವ ವಿದ್ಯುತ್ ಮುದ್ರಣ ಬಂದ ಮೇಲೆ, ಪಕ್ಕದಲ್ಲಿ ಕೂತು ಮಾತಾಡಿದಷ್ಟು ಮೆಲ್ಲಗೆ ಹಾಡಿದರೂ ಕೇಳಿಸುವಂತಾಯಿತು. ಹಗುರ ಹಾಡಿನ ಇಡೀ ಶೈಲಿ ಹುಟ್ಟಿದ್ದು ಈ ಎರಡರಿಂದ: ಮೂರು ನಿಮಿಷದ ಮಿತಿ ಮತ್ತು ಮೈಕು.

ಒಂದು ತಟ್ಟೆಗೆ ಎಷ್ಟು ಶಕ್ತಿಯಿತ್ತು ಎಂಬುದಕ್ಕೆ ಇದೇ ನಾಡಿನ ಉದಾಹರಣೆ ಸಾಕು. ಗದಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯ ತಟ್ಟೆ ಕೇಳಿದ ಬಾಲಕ ಭೀಮಸೇನ ಜೋಶಿ, ಹಾಗೆ ಹಾಡಲು ಕಲಿಯಬೇಕೆಂದು 1933ರಲ್ಲಿ ಮನೆ ಬಿಟ್ಟು ರೈಲು ಹತ್ತಿದರು. ಆಗ ಅವರಿಗೆ ಹನ್ನೊಂದು ವರ್ಷ.

ಅರಮನೆಯ ಸಂಗ್ರಹ, ಮೈಕ್‌ಸೆಟ್ಟಿನ ಸಂಗ್ರಹ

ಕನ್ನಡ ನಾಡಿನ ತಟ್ಟೆ ಸಂಗ್ರಾಹಕರಲ್ಲಿ ಅಗ್ರಗಣ್ಯರು ಮೈಸೂರಿನ ಜಯಚಾಮರಾಜ ಒಡೆಯರು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸಾವಿರಾರು ತಟ್ಟೆಗಳು ಅವರ ಬಳಿ ಇದ್ದವು. ರಷ್ಯದ ಸಂಯೋಜಕ ನಿಕೊಲಾಯ್ ಮೆಡ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ, ಅವರ ಕೃತಿಗಳು ತಟ್ಟೆಯಲ್ಲಿ ಬರುವಂತೆ ಹಣ ಕೊಟ್ಟು ವ್ಯವಸ್ಥೆ ಮಾಡಿದವರು ಈ ಮಹಾರಾಜರು. ಎಚ್‌ಎಂವಿ ಮುದ್ರಿಸಿದ ಆ ತಟ್ಟೆಗಳು ಇಲ್ಲದಿದ್ದರೆ ಮೆಡ್ನರ್ ಸ್ವತಃ ನುಡಿಸಿದ ಪಿಯಾನೊ ಇಂದು ಇಷ್ಟರ ಮಟ್ಟಿಗೆ ಕೇಳಸಿಗುತ್ತಿರಲಿಲ್ಲ. ಲಂಡನ್ನಿನ ಫಿಲ್ಹಾರ್ಮೋನಿಯ ವಾದ್ಯವೃಂದಕ್ಕೂ ಅವರ ನೆರವು ಸಂದಿತು. ಸಂಗ್ರಾಹಕನೆಂದರೆ ಕೂಡಿಡುವವನಷ್ಟೇ ಅಲ್ಲ, ಒಂದು ಸಂಗೀತ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವವನೂ ಹೌದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಆದರೆ ಸಣ್ಣ ಊರುಗಳಲ್ಲಿ ತಟ್ಟೆ ಸಂಗ್ರಹಿಸಿದವರು ಬೇರೆಯೇ ಜನ. ಅವರು ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯವರು. ಮದುವೆ, ಗಣಪತಿ ಪೆಂಡಾಲು, ಜಾತ್ರೆ, ಚುನಾವಣಾ ಪ್ರಚಾರ ಎಲ್ಲಕ್ಕೂ ಕೊಳವೆ ಧ್ವನಿವರ್ಧಕ, ಆಂಪ್ಲಿಫೈಯರ್ ಮತ್ತು ತಟ್ಟೆಗಳ ಪೆಟ್ಟಿಗೆ ಹೊತ್ತು ಹೋಗುತ್ತಿದ್ದವರು. ಟೆಂಟ್ ಸಿನಿಮಾಗಳೂ ಇದೇ ಬಗೆಯವು. ಆಟ ಆರಂಭಕ್ಕೆ ಮುನ್ನ ಘಂಟಸಾಲ ಹಾಡಿದ ವೆಂಕಟೇಶನ ಭಕ್ತಿಗೀತೆ ಮೊಳಗಿದರೆ ಟಿಕೆಟ್ ಕೊಡಲು ಶುರುವಾಯಿತೆಂದು ಸುತ್ತಲಿನ ಹಳ್ಳಿಗಳಿಗೆ ತಿಳಿಯುತ್ತಿತ್ತು. ಈ ಅಂಗಡಿಗಳು ಮತ್ತು ಟೆಂಟುಗಳು ಯಾರೂ ಹೆಸರಿಡದ ಸಂಗೀತ ಭಂಡಾರಗಳು. ಅರಮನೆಯ ತಟ್ಟೆಗಳು ಕಪಾಟಿನಲ್ಲಿ ಭದ್ರವಾಗಿದ್ದರೆ, ಇವರ ತಟ್ಟೆಗಳು ದುಡಿದು ಸವೆದವು. ಕ್ಯಾಸೆಟ್ ಬಂದ ಮೇಲೆ ಒಟ್ಟಾಗಿ ಮೂಲೆ ಸೇರಿದವು.

ಕನ್ನಡದ ಹಗುರ ಸಂಗೀತ

ಪಶ್ಚಿಮದಲ್ಲಿ 'ಈಸಿ ಲಿಸನಿಂಗ್', 'ಲೌಂಜ್' ಎಂದು ಕರೆಯುವುದು ಹೋಟೆಲಿನ ಪಡಸಾಲೆಯಲ್ಲಿ, ಸಂಜೆಯ ಔತಣದಲ್ಲಿ ಮಾತಿಗೆ ಅಡ್ಡಿಯಾಗದಂತೆ ನುಡಿಯುವ ಸಂಗೀತವನ್ನು. 1951ರಲ್ಲಿ ಮಂಟೋವಾನಿಯ ವಾದ್ಯವೃಂದ ಪಿಟೀಲುಗಳ ಅಲೆಯಂಥ ನಾದದಿಂದ ಜನಪ್ರಿಯವಾಯಿತು. 1957ರಲ್ಲಿ ಮಾರ್ಟಿನ್ ಡೆನ್ನಿ ಹಕ್ಕಿಗಳ ಕೂಗು ಸೇರಿಸಿ ಇನ್ನೊಂದು ಬಗೆ ತೋರಿಸಿದ. ವಿಮರ್ಶಕರು ಇದನ್ನು ಸಂಗೀತವೆಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 1990ರ ದಶಕದಲ್ಲಿ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಈ ತಟ್ಟೆಗಳನ್ನು ಹುಡುಕುವವರು ಹೆಚ್ಚಿದರು. ಕಂಪನಿಗಳು ಆಗ ಎಚ್ಚೆತ್ತು ಅವನ್ನು ಸಿ.ಡಿ.ಯಲ್ಲಿ ಮರಳಿ ತಂದವು.

ನಮ್ಮಲ್ಲಿ ಇದಕ್ಕೆ ಎರಡು ಸಮೀಪದ ಬಂಧುಗಳಿವೆ. ಮೊದಲನೆಯದು ಸುಗಮ ಸಂಗೀತ. 1952ರಲ್ಲಿ ಕೇಂದ್ರ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟಾಗ ಶ್ರೋತೃಗಳು ರೇಡಿಯೊ ಸಿಲೋನ್ ಕಡೆಗೆ ತಿರುಗಿದರು. ಚಿತ್ರಗೀತೆಗೆ ಬದಲಾಗಿ ಆಕಾಶವಾಣಿ ತನ್ನದೇ ಲಘು ಸಂಗೀತವನ್ನು ಬೆಳೆಸಿತು. ಅದಕ್ಕೂ ಮೊದಲೇ ಕನ್ನಡದಲ್ಲಿ ದಾರಿ ಹಾಕಿಕೊಟ್ಟವರು ಉಡುಪಿ ಬಳಿಯ ಆರೂರಿನ ಪಿ. ಕಾಳಿಂಗರಾವ್ (1914-1981). ಮೋಹನಕುಮಾರಿ, ಸೋಹನಕುಮಾರಿ ಅವರೊಂದಿಗೆ ಕಾಳಿಂಗರಾಯರು ಹಾಡಿದಾಗ ಪುಸ್ತಕದ ಕವಿತೆ ಬೀದಿಗೆ ಬಂತು. ಕುವೆಂಪು ಹುಟ್ಟಿದ್ದು 1904ರಲ್ಲಿ ಕೊಪ್ಪದ ಹಿರೇಕೊಡಿಗೆಯಲ್ಲಿ, ಅಂದರೆ ಆಗಿನ ಕಡೂರು ಜಿಲ್ಲೆಯಲ್ಲಿ; ಚಿಕ್ಕಮಗಳೂರು ಜಿಲ್ಲೆಗೆ ಮೊದಲಿದ್ದ ಹೆಸರು ಅದು. ಅವರ ಗೀತೆಗಳು, ಬೇಂದ್ರೆಯವರ ಗೀತೆಗಳು ಓದು ಬಾರದವರ ನಾಲಿಗೆಯ ಮೇಲೂ ನಿಂತದ್ದು ಹಾಡುಗಾರರಿಂದ. 1965ರಲ್ಲಿ ಭದ್ರಾವತಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ತರೀಕೆರೆ ಸೀಮೆಗೆ ಈ ಸಂಗೀತ ಇನ್ನಷ್ಟು ಹತ್ತಿರವಾಯಿತು. 1978ರಲ್ಲಿ ಮೈಸೂರು ಅನಂತಸ್ವಾಮಿ ಅವರು ನಿಸಾರ್ ಅಹಮದ್ ಕವಿತೆಗಳಿಗೆ ರಾಗ ಹಾಕಿದ 'ನಿತ್ಯೋತ್ಸವ' ಬಂತು. ಅಲ್ಲಿಂದ ಕ್ಯಾಸೆಟ್ಟಿನ ಯುಗ.

ಎರಡನೆಯ ಬಂಧು ಸಿನಿಮಾದ ಕ್ಲಬ್ ಹಾಡು. 1968ರ 'ಜೇಡರ ಬಲೆ'ಯಿಂದ ಆರಂಭವಾದ ರಾಜ್‌ಕುಮಾರ್ ಅವರ ಸಿ.ಐ.ಡಿ. 999 ಚಿತ್ರಗಳಿಗೆ ಜಿ.ಕೆ. ವೆಂಕಟೇಶ್ ಸಂಗೀತ. ಸ್ಯಾಕ್ಸೋಫೋನು, ಬಾಂಗೊ, ವಿದ್ಯುತ್ ಗಿಟಾರುಗಳ ಲೋಕ ಅದು. ಆ ಕಾಲದ ಕನ್ನಡ ಚಿತ್ರಗಳ ಕ್ಲಬ್ ಹಾಡು ಎಂದರೆ ಎಲ್.ಆರ್. ಈಶ್ವರಿ ಅವರ ದನಿ ನೆನಪಾಗುತ್ತದೆ. ಇದೇ ಸರಣಿಯ 'ಆಪರೇಷನ್ ಡೈಮಂಡ್ ರಾಕೆಟ್' (1978) ಚಿತ್ರದಲ್ಲಿ ರಾಜ್‌ಕುಮಾರ್ ಇಂಗ್ಲಿಷಿನಲ್ಲೇ ಒಂದು ಹಾಡು ಹಾಡಿದರು. ಅಂದು ತಮಾಷೆಯೆನಿಸಿದ ಆ ಹಾಡನ್ನು ಇಂದಿನ ಯುವಕರು ಹುಡುಕಿ ಕೇಳುತ್ತಾರೆ. ಕಾಳಿಂಗರಾಯರ ಭಾವಗೀತೆಗೆ ಸಿಕ್ಕ ಗೌರವ ಈ ಹಾಡುಗಳಿಗೆ ಸಿಕ್ಕಿಲ್ಲ. ಆದರೆ ಅಂದಿನ ಕನ್ನಡಿಗರು ಆಧುನಿಕತೆಯನ್ನು ಹೇಗೆ ಕಲ್ಪಿಸಿಕೊಂಡಿದ್ದರು ಎಂದು ತಿಳಿಯಲು ಇವಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಗುಜರಿಯಿಂದ ಬಂದ ಬೆಲೆ

ತಟ್ಟೆಯ ಬೆಲೆ ಕಾಲ ಕಳೆದ ಮೇಲೆ ತಿಳಿಯುವುದುಂಟು. ಅಮೆರಿಕದಲ್ಲಿ 1948ರಲ್ಲೇ ಎಲ್‌ಪಿ ಬಂದರೂ, ವಿದ್ಯುತ್ ಇಲ್ಲದೆ ಕೀಲಿ ತಿರುಗಿಸಿ ನುಡಿಸುವ ಗ್ರಾಮಫೋನುಗಳೇ ಹೆಚ್ಚಾಗಿದ್ದ ಭಾರತದಲ್ಲಿ 78 ಸುತ್ತಿನ ತಟ್ಟೆ 1960ರ ದಶಕದುದ್ದಕ್ಕೂ ನಡೆಯಿತು. ಹೀಗಾಗಿ ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಅವರ ನಾಡಿನಲ್ಲೇ ಇಲ್ಲದ ರೂಪದಲ್ಲಿ ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯಲ್ಲಿ ಅಚ್ಚಾದವು. ಇಂದು ಅವು ಜಗತ್ತಿನ ಸಂಗ್ರಾಹಕರು ಮುಗಿಬೀಳುವ ತಟ್ಟೆಗಳು. ಮುಂಬಯಿಯ ಸಿನಿಮಾ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ ನುಡಿಸಿದ ಎಲ್‌ಪಿಯನ್ನು ಅಂದು ಕೇಳುವವರಿರಲಿಲ್ಲ. ಹಾಲೆಂಡಿನ ಸಂಗ್ರಾಹಕನೊಬ್ಬನ ಕೈಗೆ ಅದರ ಪ್ರತಿ ಸಿಕ್ಕಿ, 2010ರಲ್ಲಿ ಮರುಮುದ್ರಣವಾದಾಗ, ಪಶ್ಚಿಮದ ಹೊಸ ನೃತ್ಯ ಸಂಗೀತಕ್ಕೆ ಮೊದಲೇ ಅಂಥದೇ ನಾದ ಇಲ್ಲಿ ಮೂಡಿತ್ತೆಂದು ಜಗತ್ತು ಬೆರಗಾಯಿತು.

ಹಾಗೆಂದು ಅಟ್ಟದ ಪ್ರತಿ ತಟ್ಟೆಯೂ ಚಿನ್ನವಲ್ಲ. ಲಕ್ಷಾಂತರ ಪ್ರತಿ ಮಾರಾಟವಾದ ಹಾಡಿಗೆ ಬೆಲೆ ಕಡಿಮೆ. ಮಾರಾಟವಾಗದೆ ಹೋದದ್ದಕ್ಕೆ ಹೆಚ್ಚು. ನಿಜವಾದ ನಷ್ಟ ಹಣದ್ದಲ್ಲ, ಮಾಹಿತಿಯದು. ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳು ಬಂದದ್ದು 'ಗಾಂಧಾರಿ' ಎಂಬ ಹೆಸರಿನಲ್ಲಿ. ಅದು ಗೊತ್ತಿಲ್ಲದವರಿಗೆ ಆ ತಟ್ಟೆ ಯಾರೋ ಅನಾಮಿಕಳದು. ಶಾಸ್ತ್ರೀಯ ಸಂಗೀತದಲ್ಲಿ ಇಂಥ ಗಂಟು ಬಿಡಿಸುವ ವಿದ್ವಾಂಸರಿದ್ದಾರೆ. ಹಗುರ ಹಾಡಿನಲ್ಲಿ ಗಾಯಕರ ಹೆಸರೊಂದನ್ನು ಬಿಟ್ಟು, ಪಿಟೀಲು ಯಾರದು, ತಬಲ ಯಾರದು, ರಾಗ ಹಾಕಿದವರು ಯಾರು ಎಂಬುದು ಎಷ್ಟೋ ತಟ್ಟೆಗಳ ಚೀಟಿಯ ಮೇಲೆ ಇರುವುದೇ ಇಲ್ಲ. ಅದನ್ನು ಬಲ್ಲವರು ವಯಸ್ಸಾದವರು. ಅವರೊಂದಿಗೆ ಆ ತಿಳಿವಳಿಕೆಯೂ ಹೋಗುತ್ತದೆ.

ಈ ಕೊರತೆ ತುಂಬಲು 1990ರಲ್ಲಿ ಮುಂಬಯಿಯಲ್ಲಿ ಭಾರತೀಯ ತಟ್ಟೆ ಸಂಗ್ರಾಹಕರ ಸಂಘ ಹುಟ್ಟಿತು. ಸದಸ್ಯರು ಕೂಡಿ ತಟ್ಟೆ ಕೇಳುವುದು, ಪಟ್ಟಿ ಮಾಡುವುದು, ಲೇಖನ ಪ್ರಕಟಿಸುವುದು ಅದರ ಕೆಲಸ. ಗೌಹರ್ ಜಾನ್ ಜೀವನ ಚರಿತ್ರೆ ಬರೆದ ವಿಕ್ರಮ್ ಸಂಪತ್ ಬೆಂಗಳೂರಿನಲ್ಲಿ ಆರಂಭಿಸಿದ ಭಾರತೀಯ ಸಂಗೀತ ಭಂಡಾರ ಹಳೆಯ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸಿ ಎಲ್ಲರೂ ಕೇಳುವಂತೆ ಮಾಡಿದೆ. ಕಾನೂನೂ ಸ್ವಲ್ಪ ಅನುಕೂಲವಾಗಿದೆ. ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಮಾತ್ರ. ಕವಿಯ ಹಕ್ಕು ಬೇರೆ. ಅದು ಕವಿ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ.

ತಟ್ಟೆ ಸಿಕ್ಕವರು ಮಾಡಬೇಕಾದ್ದು ಹೆಚ್ಚೇನಿಲ್ಲ. ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೇರವಾಗಿ ನಿಲ್ಲಿಸಿಡಬೇಕು. ಹೆಂಚಿನ ಕೆಳಗಿನ ಬೇಸಿಗೆಯ ಕಾವಿಗೆ ತಟ್ಟೆ ಸೊಟ್ಟಗಾಗುತ್ತದೆ. ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಅರಗಿನ ತಟ್ಟೆಯನ್ನು ಸ್ಪಿರಿಟ್ ಹಾಕಿ ಒರೆಸಬಾರದು, ಅರಗು ಕರಗುತ್ತದೆ. ಎಲ್‌ಪಿಯನ್ನು ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳಿಗೆ ಒಡ್ಡಿದರೆ ಒಂದೇ ಸಲಕ್ಕೆ ಗೀರು ಹಾಳಾಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಪುಸ್ತಕ ಮತ್ತು ಪೆನ್ನು. ಚೀಟಿಯ ಮೇಲಿನ ಹೆಸರು, ಸಂಖ್ಯೆ, ತಟ್ಟೆ ಯಾರ ಮನೆಯದು, ಯಾವ ಮದುವೆಗೆ, ಯಾವ ಜಾತ್ರೆಗೆ ನುಡಿಯಿತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಬೇಕು. ತಟ್ಟೆ ಒಡೆದರೆ ಅದೇ ಹಾಡಿನ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಅಜ್ಜಿಯ ನೆನಪಿಗೆ ಎರಡನೆಯ ಪ್ರತಿ ಇಲ್ಲ.