ಬೆಳ್ಳಿಯ ರೂಪಾಯಿಯ ಎರಡು ಬೆಲೆ

ಹಿರಿಯರ ಪೆಟ್ಟಿಗೆಯಲ್ಲಿ ಬೆಳ್ಳಿಯ ರೂಪಾಯಿಯನ್ನು ಕಂಡವರು ನಿಮ್ಮಲ್ಲಿ ಅನೇಕರಿರಬಹುದು. ಅದಕ್ಕೆ ಬೆಲೆ ಎರಡು: ಮುಖದಲ್ಲಿ ಅಚ್ಚಾದುದೊಂದು, ಮೈಯಲ್ಲಿರುವ ಬೆಳ್ಳಿಯದೊಂದು.

1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಗೊತ್ತುಪಡಿಸಿದ ರೂಪಾಯಿಯ ತೂಕ ಒಂದು ತೊಲೆ. ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಬೆಳ್ಳಿಯನ್ನೊಯ್ದವರು ಅಲ್ಪ ಶುಲ್ಕ ತೆತ್ತು ಟಂಕಸಾಲೆಯಿಂದ ರೂಪಾಯಿ ಪಡೆಯಬಹುದಾಗಿತ್ತು. ಆದುದರಿಂದ ಎರಡು ಬೆಲೆಗಳೂ ಬಹುಮಟ್ಟಿಗೆ ಒಂದೇ ಆಗಿದ್ದವು. ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876-78ರಲ್ಲಿ, ಹಳ್ಳಿಗರ ಕಡಗ ಕಾಲ್ಗಡಗಗಳು ಮುಂಬಯಿಯ ಟಂಕಸಾಲೆಯಲ್ಲಿ ಕರಗಿ ನಾಣ್ಯಗಳಾದವು. ಬಡವನಿಗೆ ಒಡವೆಯೇ ಬೊಕ್ಕಸ.

ಅಷ್ಟರಲ್ಲಿ ಲೋಕದ ಪೇಟೆಯಲ್ಲಿ ಬೆಳ್ಳಿ ಅಗ್ಗವಾಗತೊಡಗಿತ್ತು. 1893ರಲ್ಲಿ ಸರ್ಕಾರ ಟಂಕಸಾಲೆಯನ್ನು ಜನರಿಗೆ ಮುಚ್ಚಿತು. ಕ್ರಮೇಣ ರೂಪಾಯಿಯ ಮುಖಬೆಲೆ ಅದರ ಬೆಳ್ಳಿಗಿಂತ ಮೇಲೇರಿತು. ಕಡಗದ ಬೆಳ್ಳಿ ಮಾತ್ರ ಕೆಳಗೇ ಉಳಿಯಿತು. ತೊಲೆಗೊಂದು ರೂಪಾಯಿ ಎಂಬ ರೈತನ ಲೆಕ್ಕ ತಪ್ಪಿತು.

1917ರಲ್ಲಿ, ಮಹಾಯುದ್ಧದ ನಡುವೆ, ತಕ್ಕಡಿ ಇನ್ನೊಂದೆಡೆಗೆ ವಾಲಿತು. ಬೆಳ್ಳಿಯ ಬೆಲೆ ಮುಖಬೆಲೆಯನ್ನು ಮೀರಿತು. ಜನ ನಾಣ್ಯಗಳನ್ನು ಬಚ್ಚಿಟ್ಟರು, ಕರಗಿಸಿದರು. ಸರ್ಕಾರ ಕರಗಿಸುವುದನ್ನು ನಿಷೇಧಿಸಿ, ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ಬೆಳ್ಳಿ ಇಳಿದಾಗ ಲಾಭ ಸರ್ಕಾರದ್ದು. ಏರಿದಾಗ ಆ ಲಾಭವನ್ನು ಬಯಸುವುದು ಪ್ರಜೆಯ ಅಪರಾಧ!

1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು. 1947ರಲ್ಲಿ ನಿಕಲ್ಲಿನ ನಾಣ್ಯ ಬಂದಿತು. ಪೆಟ್ಟಿಗೆಯಲ್ಲುಳಿದ ಹಳೆಯ ರೂಪಾಯಿಯನ್ನು ಇಂದು ಅಕ್ಕಸಾಲಿಗ ತೂಗಿಯೇ ಕೊಳ್ಳುತ್ತಾನೆ; ಅದರ ಮುಖವನ್ನು ನೋಡುವುದಿಲ್ಲ.